ಶಿವದಾರದ ಕೆಳಗೆ ಕಂಡ ಕೆಂಪು ಚುಕ್ಕೆಗಳು

ವಿಷಯ: ಕೊರೊನಾ ಲಸಿಕೆಯ ನಂತರ ನನ್ನ ಧರ್ಮಪತ್ನಿಯ ಮಿದುಳಿನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಹಾಗೂ ಶಿವಕೃಪೆಯಿಂದ ಆಕೆ ಬದುಕಿ ಬಂದದ್ದರ ಬಗ್ಗೆ.

ಶರಣ ಬಂಧುಗಳೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಆಂಧ್ರದ ಆದವಾನಿಯ ಹತ್ತಿ ಮಾರುಕಟ್ಟೆಯಲ್ಲಿ ದಲಾಲಿ ಅಂಗಡಿ ಇಟ್ಟುಕೊಂಡಿರುವ ನಾನು ತಮ್ಮಲ್ಲಿ ಸವಿನಯವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಎಲ್ಲರಿಗೂ ಲಸಿಕೆ ಹಾಕುತ್ತಿದ್ದ ಆ ವರ್ಷದ ಶ್ರಾವಣ ಮಾಸದಲ್ಲಿ ನನ್ನ ಪತ್ನಿ ಸುನಂದಾಳಿಗೆ ತಲೆನೋವು ಆರಂಭವಾಯಿತು. ನಾನು ಓದಿದ್ದು ತೆಲುಗು ಶಾಲೆಯಲ್ಲಿ; ಕನ್ನಡದಲ್ಲಿ ಇಷ್ಟು ಉದ್ದವಾಗಿ ಬರೆಯುತ್ತಿರುವುದು ಇದೇ ಮೊದಲು. ತಪ್ಪುಗಳಿದ್ದಲ್ಲಿ ಮನ್ನಿಸಬೇಕಾಗಿ ಕೋರುತ್ತೇನೆ.

ಲಸಿಕೆಯನ್ನು ಮನೆಯವರೆಲ್ಲರೂ ಒಟ್ಟಿಗೇ ಹಾಕಿಸಿಕೊಂಡಿದ್ದೆವು. ಎಲ್ಲರಿಗೂ ಸ್ವಲ್ಪ ಜ್ವರ ಬಂದು ಹೋಯಿತು, ನಾವು ಅದನ್ನು ಮರೆತೇಬಿಟ್ಟೆವು. ವಾರ ದಾಟಿದ ಮೇಲೆ ಬಂದ ಈ ತಲೆನೋವಿಗೆ ಆಕೆಯ ಸೋಮವಾರದ ಉಪವಾಸವೇ ಕಾರಣವೆಂದುಕೊಂಡೆವು. "ಉಪಾಸ ಅಂದ್ರ ಚಾನೂ ಬಿಡಬೇಕೇನವಾ? ಒಂದ್ ಕಪ್ ಕುಡಿ, ತಲಿ ಇಳೀತೈತಿ," ಎಂದು ನನ್ನ ತಾಯಿ ಗದರಿಸಿದರು. ಚಹಾ ಕುಡಿದರೆ ವಾಂತಿಯಾಯಿತು. ಊರಿನ ವೈದ್ಯರು ಕೊಟ್ಟ ಮಾತ್ರೆಗಳಿಂದಲೂ ನೋವು ಇಳಿಯಲಿಲ್ಲ. ಬೆಳಕು ಕಣ್ಣಿಗೆ ಚುಚ್ಚುತ್ತದೆಂದು ಆಕೆ ಹಗಲಿನಲ್ಲೇ ಕಿಟಕಿಗಳನ್ನು ಮುಚ್ಚಿಸಿದಳು. ಆಗ ವೈದ್ಯರು, ತಡಮಾಡದೆ ಕರ್ನೂಲಿನ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕೆಂದು ಬರೆದುಕೊಟ್ಟರು.

ಸಿಕ್ಕ ಬಸ್ಸಿಗೆ ಹತ್ತಿದೆವು. ಸೆರಗಿನಿಂದ ಮುಖ ಮುಚ್ಚಿಕೊಂಡು ಸುನಂದಾ ನನ್ನ ತಾಯಿಯ ಹೆಗಲಿಗೆ ಒರಗಿದ್ದಳು. ಎಮ್ಮಿಗನೂರು ದಾಟಿದ ಮೇಲೆ, "ಅತ್ತಿ, ಕಿಟಕಿ ಕೊಡ್ರಿ, ಗಂಟಲು ಒಣಗೈತಿ," ಎಂದಳು. "ಕಿಟಕಿ ಕುಡೀತಿ ಏನ?" ಎಂದು ತಾಯಿ ನಕ್ಕರು. ಆಕೆ ಮತ್ತೆ "ಕಿಟಕಿ" ಎಂದಾಗ ನಗು ನಿಂತುಹೋಯಿತು. ನೀರು ಎನ್ನುವ ಮಾತು ಆಕೆಯ ನಾಲಿಗೆಗೆ ಬರುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ರಕ್ತ ತೆಗೆದುಕೊಂಡು, ಕೂಡಲೇ ತಲೆಯ ಎಂ.ಆರ್.ಐ. ಸ್ಕ್ಯಾನ್ ಆಗಬೇಕೆಂದರು. ಲೋಹದ ಯಾವ ವಸ್ತುವೂ ಮೈಮೇಲೆ ಇರಕೂಡದೆಂಬುದು ಅಲ್ಲಿನ ನಿಯಮ. ಬಳೆ, ಕಾಲುಂಗುರ, ತಾಳಿಯನ್ನು ಸಹ ಆಕೆ ತೆಗೆಯಗೊಟ್ಟಳು. ಆದರೆ ಕೊರಳ ಶಿವದಾರದಲ್ಲಿದ್ದ ಲಿಂಗದ ಬೆಳ್ಳಿ ಕರಡಿಗೆಗೆ ನರ್ಸ್ ಕೈ ಹಾಕಿದಾಗ, ಅದುವರೆಗೆ ಕಣ್ಣನ್ನೂ ತೆರೆಯದಿದ್ದವಳು ಅದನ್ನು ಬಿಗಿಯಾಗಿ ಹಿಡಿದುಕೊಂಡಳು.

ನನ್ನ ತಾಯಿಯೂ ಅಡ್ಡ ನಿಂತರು. "ಲಿಂಗ ಮೈಬಿಟ್ಟು ಇರಬಾರದು ತಮ್ಮಾ. ಸತ್ತಾಗ ಸುದ್ದಾ ಕೈಯಾಗ ಇಟ್ಟು ಮಣ್ಣು ಮಾಡ್ತಾರ. ಬೆಳ್ಳಿದು ಬ್ಯಾಡಂದ್ರ ಅರಿವ್ಯಾಗ ಕಟ್ಟಿ ಕೊಡ್ತೀನಿ, ಒಳಗ ಒಯ್ಯಲಿ."

"ಲೋಪಲ ಏಮುಂದಮ್ಮಾ?" ಒಳಗೇನಿದೆ ಎಂದು ಸ್ಕ್ಯಾನಿನವರು ಕೇಳಿದರು.

"ದೇವರದಾನ!"

"ಈ ಮಿಷನ್‌ಲೋಕಿ ದೇವುಡಿಕಿ ಕೂಡಾ ಪರ್ಮಿಷನ್ ಲೇದಮ್ಮಾ," ಯಂತ್ರದೊಳಗೆ ದೇವರಿಗೂ ಅಪ್ಪಣೆಯಿಲ್ಲ ಎಂದರು ಅವರು. ಅವರ ಮಾತಿನಲ್ಲಿ ಅಪಹಾಸ್ಯವಿರಲಿಲ್ಲ, ಆಯಾಸವಿತ್ತು.

ಬಂಧುಗಳೇ, ಆ ಗಳಿಗೆಯಲ್ಲಿ ನಾನು ಗೋಡೆಗೆ ಮುಖ ಮಾಡಿ, "ಶಿವನೇ, ಆಕೆಯ ಮೈಯಿಂದ ನೀನು ಅಗಲಬೇಡ, ಲಿಂಗ ತೆಗೆಯದೆಯೇ ಈ ಕೆಲಸ ಆಗುವಂತೆ ಮಾಡು," ಎಂದು ಬೇಡಿಕೊಂಡೆ. ಲಿಂಗ ಅಗಲಿದರೆ ಪ್ರಾಣವೂ ಅಗಲುತ್ತದೆಂಬ ಭಯ ನನ್ನನ್ನು ಹಿಡಿದಿತ್ತು. ಬೇರೆ ದಾರಿ ಕಾಣದೆ, ಆಕೆಗೆ ದೀಕ್ಷೆ ಕೊಟ್ಟ ನಮ್ಮ ಮಠದ ಅಜ್ಜಾರಿಗೆ ಫೋನ್ ಮಾಡಿದೆ.

ಅಜ್ಜಾರು ಪೂರ್ತಿ ಕೇಳಿಸಿಕೊಂಡು, "ಶಿವದಾರ ಹರದ್ರ ಹೊಸಾದು ಹಾಕೋತನಕ ಏನ್ ಮಾಡ್ತೀಯೋ?" ಎಂದರು.

"ಅಂಗೈಯಾಗ ಹಿಡೀತೀನಿ ಬುದ್ಧಿ."

"ಅಷ್ಟ ಐತಿ. ಆಕಿ ಅಂಗೈ ಒಳಗ ಹೋಗೂದಾದ್ರ ನಿನ್ನ ಅಂಗೈ ಹೊರಗೈತಲ್ಲ? ಹಿಡಕೊಂಡು ಕೂಡು. ಆಕಿ ಬರೋತನಕ ಪೂಜಿ ನಿಂದು. ನಿಮ್ಮವ್ವಗೆ ಫೋನ್ ಕೊಡು, ನಾ ಹೇಳ್ತೀನಿ."

ತಾಯಿ ಮಾತಾಡಿ ಮುಗಿಸಿ, ಕಣ್ಣೊರೆಸಿಕೊಂಡು, ಸೊಸೆಯ ಕಿವಿಯಲ್ಲಿ ಏನೋ ಹೇಳಿದರು. ಸುನಂದಾಳ ಹಿಡಿ ಸಡಿಲಾಯಿತು. ತಾಯಿಯೇ ಶಿವದಾರವನ್ನು ಕೊರಳಿನಿಂದ ಎತ್ತಿ, ಕರಡಿಗೆಯನ್ನು ನನ್ನ ಅಂಗೈಯಲ್ಲಿಟ್ಟರು. ತಿರುಗಿ ನೋಡಿದವರು, "ಅಯ್ಯ ನನ್ನ ಮಗಳ, ಕರಡಿಗಿ ಉಜ್ಜಿ ಉಜ್ಜಿ ಹೆಂಗಾಗೈತಿ ನೋಡು!" ಎಂದರು.

ದಾರ ಇದ್ದಲ್ಲಿ, ಕರಡಿಗೆ ಒರಗುತ್ತಿದ್ದಲ್ಲಿ, ಸಾಸಿವೆಗಿಂತ ಸಣ್ಣ ಕೆಂಪು ಚುಕ್ಕೆಗಳು ಎದೆಯ ತನಕ ಹರಡಿದ್ದವು. ನರ್ಸ್ ಬಗ್ಗಿ ನೋಡಿ, ಕೂಡಲೇ ಹೋಗಿ ವೈದ್ಯೆಯನ್ನು ಕರೆತಂದರು. ವೈದ್ಯೆ ಚುಕ್ಕೆಗಳನ್ನು ಬೆರಳಿನಿಂದ ಒತ್ತಿದರು, ಅವು ಮಾಸಲಿಲ್ಲ. "ಇದಿ ದಾರಂ ವಲ್ಲ ಕಾದಮ್ಮಾ," ಇದು ದಾರದಿಂದ ಆದದ್ದಲ್ಲ ಎಂದು ಹೇಳಿ, ಇತ್ತೀಚೆಗೆ ಯಾವುದಾದರೂ ಸೂಜಿ ಹಾಕಿಸಿದ್ದಿರಾ ಎಂದು ವಿಚಾರಿಸಿದರು. ನಾನು ಇಲ್ಲವೆಂದೆ.

"ಇಲ್ಲೇನೋ? ಕರೋನಾ ಸೂಜಿ ಹಾಕಿಸಿಲ್ಲೇನ?" ಎಂದರು ತಾಯಿ. ಅದನ್ನು ಸೂಜಿಯ ಲೆಕ್ಕಕ್ಕೆ ಹಿಡಿಯಬೇಕೆಂಬುದೇ ನನಗೆ ಹೊಳೆದಿರಲಿಲ್ಲ.

ಸ್ಕ್ಯಾನ್ ಆಗುವವರೆಗೆ ನಾನು ಬಾಗಿಲ ಹೊರಗೆ ಆಕೆಯ ಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತಿದ್ದೆ. ಮಂತ್ರ ಅರ್ಧಕ್ಕೇ ತಪ್ಪುತ್ತಿತ್ತು, ಮತ್ತೆ ಮೊದಲಿನಿಂದ ಆರಂಭಿಸುತ್ತಿದ್ದೆ. ಬಳಿಕ ವೈದ್ಯೆ ನಮ್ಮನ್ನು ಕರೆದು ವಿವರಿಸಿದರು. ಮಿದುಳಿನಿಂದ ರಕ್ತ ಹಿಂದಿರುಗುವ ನಾಳದಲ್ಲಿ ಹೆಪ್ಪುಗಟ್ಟಿದೆ. ಆದರೆ ರಕ್ತದಲ್ಲಿ ಹೆಪ್ಪುಗಟ್ಟಿಸುವ ಕಣಗಳಾದ ಪ್ಲೇಟ್‌ಲೆಟ್ ಬಹಳ ಕಡಿಮೆಯಾಗಿದೆ, ಚುಕ್ಕೆಗಳು ಅದರಿಂದಲೇ ಎದ್ದಿವೆ. ಲಸಿಕೆಯ ನಂತರ ತೀರಾ ಅಪರೂಪಕ್ಕೆ ಹೀಗಾಗುವುದುಂಟು. ಹೆಪ್ಪಿಗೆ ಸಾಮಾನ್ಯವಾಗಿ ಕೊಡುವ ಸೂಜಿಮದ್ದು ಈ ಬಗೆಯ ಕಾಯಿಲೆಯಲ್ಲಿ ಕೇಡು ಮಾಡಬಹುದು. ಚುಕ್ಕೆ ಕಾಣುವ ಮುಂಚೆ ಅದನ್ನೇ ಕೊಡಬೇಕೆಂದು ಯೋಚಿಸಿದ್ದರಂತೆ. ಈಗ ಬೇರೆ ಔಷಧಿ ಆರಂಭಿಸುತ್ತೇವೆ ಎಂದರು.

"ಹಂಗಾರ ಸೂಜಿ ಹಾಕಿಸಿದ್ದ ತಪ್ಪಾತೇನ್ರಿ ಯವ್ವಾ?" ಎಂದರು ತಾಯಿ.

"ತಪ್ಪು ಕಾದಮ್ಮಾ," ತಪ್ಪಲ್ಲ ಎಂದರು ವೈದ್ಯೆ. ಲಸಿಕೆಯಿಂದ ಜೀವ ಉಳಿದವರ ಹೆಸರು ಯಾರಿಗೂ ಗೊತ್ತಾಗುವುದಿಲ್ಲ, ಅಷ್ಟೇ, ಎಂದೂ ಹೇಳಿದರು. ಲಸಿಕೆಯ ನಂತರದ ದಿನಗಳಲ್ಲಿ ತಲೆನೋವು ಬಿಡದೆ ಕಾಡಿದರೆ, ಆ ಸಂಗತಿಯನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕೆಂದು ಬಂಧುಗಳಲ್ಲಿ ನಾನೂ ಕೋರುತ್ತೇನೆ.

ಹಲವು ದಿನ ಆಕೆ ತೀವ್ರ ನಿಗಾ ಘಟಕದಲ್ಲಿದ್ದಳು. ಒಮ್ಮೆ ಉಳಿಯುತ್ತಾಳೆಂದು ತೋರುತ್ತಿತ್ತು, ಒಮ್ಮೆ ಇಲ್ಲವೆಂದು. ಹೊರಗಿನ ಬೆಂಚಿನ ಮೇಲೆ ಕುಳಿತು ನಾನು ವಿಚಾರ ಮಾಡಿದೆ: ನಾನು ಬೇಡಿದಂತೆ ಆಗಿದ್ದರೆ ಲಿಂಗ ಆಕೆಯ ಎದೆಯ ಮೇಲೆಯೇ ಇರುತ್ತಿತ್ತು, ಚುಕ್ಕೆಗಳು ಅದರ ಕೆಳಗೇ ಇರುತ್ತಿದ್ದವು. ಶಿವನು ನನ್ನ ಪ್ರಾರ್ಥನೆಯನ್ನು ತಳ್ಳಿಹಾಕಿದ್ದರಿಂದ ಆಕೆಗೆ ತಕ್ಕ ಔಷಧಿ ಸಿಕ್ಕಿತು. ಅಂದಿನಿಂದ ಬೇಡುವಾಗ, ಇಂಥ ರೀತಿಯಲ್ಲೇ ಆಗಲಿ ಎಂದು ನಾನು ಕೇಳುವುದಿಲ್ಲ.

ಮನೆಗೆ ಬಂದಾಗ ಆಕೆಯ ಎಡಗೈಯಲ್ಲಿ ಬಲವಿರಲಿಲ್ಲ. ಆ ಕೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕುಳಿತರೆ ಅಂಗೈ ವಾಲುತ್ತಿತ್ತು. ಆದ್ದರಿಂದ ನಾನು ಎದುರಿಗೆ ಕುಳಿತು, ಆಕೆಯ ಕೈಯ ಕೆಳಗೆ ನನ್ನ ಕೈ ಕೊಟ್ಟು ಹಿಡಿಯುತ್ತಿದ್ದೆ. ಹಿಂಗಾರಿನ ಹತ್ತಿ ಮಾರುಕಟ್ಟೆಗೆ ಬರುವವರೆಗೂ ಹೀಗೆಯೇ ನಡೆಯಿತು. ಒಂದು ಬೆಳಿಗ್ಗೆ ವಿಭೂತಿ ಹಚ್ಚಿ, ಪತ್ರಿ ಏರಿಸುತ್ತಿದ್ದಾಗ ಆಕೆ ಕಣ್ಣೆತ್ತದೆ, "ಸಾಕು, ಇನ್ನ ನಿಮ್ಮ ಕೈ ತಗೀರಿ," ಎಂದಳು.

ತೆಗೆದೆ. ಲಿಂಗ ಅಲ್ಲಾಡಲಿಲ್ಲ.

ಈ ಸಂಗತಿಯನ್ನು ಬಂಧುಗಳೆಲ್ಲರ ಅವಗಾಹನೆಗೆ ತಂದು, ಆ ವೈದ್ಯೆಯವರಿಗೂ, ನರ್ಸಮ್ಮನವರಿಗೂ, ಅಜ್ಜಾರ ಪಾದಗಳಿಗೂ ಶರಣು ಹೇಳಿ ನನ್ನ ಅರಿಕೆಯನ್ನು ಮುಗಿಸುತ್ತೇನೆ.

ತಮ್ಮ ವಿಧೇಯ,
ಆದವಾನಿಯ ಒಬ್ಬ ಭಕ್ತ