ಪಕ್ಕದ ಸೀಟಿನ ವಿಚಾರಣೆ

ನಮ್ಮ ಕಡೆಯ ಬಸ್ಸಿನಲ್ಲಿ ನೀವು ಒಮ್ಮೆಯಾದರೂ ಪ್ರಯಾಣ ಮಾಡಿದ್ದರೆ ಗಮನಿಸಿರುತ್ತೀರಿ: ಕಂಡಕ್ಟರು ಟಿಕೆಟ್ ಕೊಡುವ ಮೊದಲೇ ಪಕ್ಕದ ಸೀಟಿನವರು ನಮ್ಮ ವಿಚಾರಣೆ ಆರಂಭಿಸಿರುತ್ತಾರೆ. ಯಾವೂರು ಎಂಬಲ್ಲಿಂದ ಹೊರಟ ಪ್ರಶ್ನಾವಳಿಯು ಏನು ಕೆಲಸ, ಮಕ್ಕಳೆಷ್ಟು, ಸೊಂಟನೋವಿಗೆ ಯಾರಲ್ಲಿ ತೋರಿಸುತ್ತೀರಿ ಎಂಬ ನಿಲ್ದಾಣಗಳನ್ನೆಲ್ಲ ಹಾದು ಬರುವಷ್ಟರಲ್ಲಿ ನಮ್ಮ ಸಮಗ್ರ ಜೀವನಚರಿತ್ರೆ ಅಪರಿಚಿತರೊಬ್ಬರ ವಶವಾಗಿರುತ್ತದೆ. ಮೇಷ್ಟರಾಗಿದ್ದಾಗ ಜನಗಣತಿಯ ನೆಪದಲ್ಲಿ ಮನೆಮನೆಯ ಮೆಟ್ಟಿಲು ಹತ್ತಿ ಇವೇ ಪ್ರಶ್ನೆಗಳನ್ನು ಸರ್ಕಾರಿ ಗತ್ತಿನಿಂದ ಕೇಳಿದ್ದ ನನಗೆ ಇದರಲ್ಲಿ ಆಕ್ಷೇಪಾರ್ಹವಾದದ್ದೇನೂ ಕಂಡಿರಲಿಲ್ಲ.

ಜ್ಞಾನೋದಯವಾದದ್ದು ಶಿಡ್ಲಘಟ್ಟದ ನಮ್ಮ ವಾಚನಾಲಯದಲ್ಲಿ ನಡೆದ ಒಂದು ಉಪನ್ಯಾಸದಿಂದ. ನಾವು ಅಂತರ್ಜಾಲದಲ್ಲಿ ನೋಡಿದ್ದು, ಹುಡುಕಿದ್ದು, ಕೊಂಡದ್ದು, ಓಡಾಡಿದ ಊರು ಎಲ್ಲವನ್ನೂ ಕಂಪನಿಗಳು ಕಣದಲ್ಲಿ ರಾಶಿ ಹಾಕಿದಂತೆ ಕೂಡಿಟ್ಟು, ಅದರ ಬಲದ ಮೇಲೆ ಜಾಹೀರಾತು ಮಾರಿ ಲಾಭ ಮಾಡಿಕೊಳ್ಳುತ್ತವೆ, ಆದ್ದರಿಂದ ಸ್ವಂತ ವಿವರವನ್ನು ಯಾರಿಗೂ ಬಿಟ್ಟುಕೊಡಬಾರದು ಎಂದರು ಉಪನ್ಯಾಸಕರು. ನಾನು ಬಲವಾಗಿ ತಲೆದೂಗಿದೆ. ಬರೀ ಟಾರ್ಚು ಬೆಳಗುವ ಒಂದು ಆ್ಯಪ್ ನನ್ನ ವಿಳಾಸವನ್ನೂ ಬಂಧುಬಳಗದ ದೂರವಾಣಿ ಸಂಖ್ಯೆಗಳನ್ನೂ ಕೇಳಿದಾಗ ಓದದೆಯೇ ‘ಸಮ್ಮತಿಸುತ್ತೇನೆ’ ಎಂದು ಒತ್ತಿದ್ದ ಮಹಾನುಭಾವ ನಾನು. ಅದನ್ನು ಹಿಂಪಡೆಯುವುದು ಹೇಗೆಂದು ತಿಳಿಯಲಿಲ್ಲ. ಅತ್ತೆಯ ಮೇಲಿನ ಕೋಪ ಕೊತ್ತಿಯ ಮೇಲೆ ಎನ್ನುತ್ತಾರಲ್ಲ, ಹಾಗೆ ನನ್ನ ಗೋಪ್ಯತಾ ವ್ರತವನ್ನು ಮನುಷ್ಯರ ಮೇಲೆ ಆಚರಿಸಲು ತೀರ್ಮಾನಿಸಿದೆ.

ಆಗಲೇ ನನ್ನ ಹೆಂಡತಿ ಸರೋಜಳ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಇಪ್ಪತ್ತು ವರ್ಷಗಳ ಹಿಂದೆ ನಾವು ಗೌರಿಬಿದನೂರಿನಲ್ಲಿದ್ದಾಗ ಯಾವುದೋ ಇಂಜೆಕ್ಷನ್ ಒಗ್ಗದೆ ಅವಳ ಜೀವಕ್ಕೇ ಬಂದಿತ್ತು. ಅದರ ಹೆಸರು ತಿಳಿಯದೆ ಸೂಜಿ ಮುಟ್ಟುವುದಿಲ್ಲವೆಂದರು ಚಿಕ್ಕಬಳ್ಳಾಪುರದ ಕಣ್ಣಿನ ಡಾಕ್ಟರು. ಅಂದು ಚಿಕಿತ್ಸೆ ಮಾಡಿದ ವೈದ್ಯರು ತೀರಿಕೊಂಡಿದ್ದರು. ಆಪರೇಷನ್ನಿನ ಹಿಂದಿನ ದಿನ ಗೌರಿಬಿದನೂರಿಗೆ ಹೋಗಿ, ಅವರ ಮನೆಯ ಅಟ್ಟದ ಹಳೆಯ ಕಾಗದಗಳನ್ನೆಲ್ಲ ಕೆದಕಿ, ಪುಣ್ಯವಶಾತ್ ಸಿಕ್ಕ ಒಂದೇ ಒಂದು ಚೀಟಿಯನ್ನು ಆಸ್ಪತ್ರೆಯ ಕಾರ್ಡಿನ ಜೊತೆ ಬಟ್ಟೆಯ ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ವೈದ್ಯರ ಅಕ್ಷರ ನನಗೆ ಒಂದೂ ಓದಲಾಗಲಿಲ್ಲ. ಫೋಟೋ ತೆಗೆದಿಟ್ಟುಕೊಳ್ಳಿ ಎಂದರು ಆ ಮನೆಯವರು. ಹೆಂಡತಿಯ ಕಾಯಿಲೆ ಫೋನಿನ ಮೂಲಕ ಯಾವ ದೇಶದ ಯಾವ ಕಂಪನಿಯ ಪಾಲಾಗುವುದೋ ಎಂದು ನಾನು ಒಪ್ಪಲಿಲ್ಲ.

ಮಂಚೇನಹಳ್ಳಿಯಲ್ಲಿ ಹತ್ತಿದ ಐವತ್ತರ ಆಸುಪಾಸಿನ ಹೆಂಗಸೊಬ್ಬರು ಪಕ್ಕದಲ್ಲಿ ಕೂತರು. ಹೆಸರು ನಾರಾಯಣಮ್ಮ, ಊರು ಮೇಲೂರು, ರೇಷ್ಮೆ ನೂಲು ತೆಗೆಯುವ ಕೆಲಸ, ಮಗಳ ಮನೆಗೆ ಹೋಗಿ ಬರುತ್ತಿರುವುದು, ಇಷ್ಟನ್ನೂ ತಾವಾಗಿಯೇ ಹೇಳಿ, “ನಿಮ್ದು ಯಾವೂರು ಸ್ವಾಮಿ?” ಎಂದರು. ಉಪನ್ಯಾಸ ನೆನಪಾಯಿತು. ಚಿಂತಾಮಣಿ ಎಂದೆ. ಕೆಲಸ? ದಿನಸಿ ಅಂಗಡಿ. ಮಕ್ಕಳು? ಇಬ್ಬರು ಗಂಡುಮಕ್ಕಳು. ಮೂರೂ ಸುಳ್ಳು. ಮೂರನ್ನೂ ತೊದಲದೆ ಹೇಳಿದ ಸ್ವಂತ ಪ್ರತಿಭೆಗೆ ಬೆರಗಾಗುತ್ತಲೇ, ಚಿಕ್ಕಬಳ್ಳಾಪುರದಲ್ಲಿ ಇನ್ನೇನು ಹೊರಡಲಿದ್ದ ಶಿಡ್ಲಘಟ್ಟದ ಬಸ್ಸಿಗೆ ಓಡುವ ಭರದಲ್ಲಿ ಚೀಲವನ್ನು ಸೀಟಿನ ಮೇಲೆಯೇ ಬಿಟ್ಟು ಇಳಿದೆ.

ಗೊತ್ತಾದದ್ದು ಮನೆ ತಲುಪಿದ ಮೇಲೆ. ಮತ್ತೆ ಚಿಕ್ಕಬಳ್ಳಾಪುರಕ್ಕೆ ಓಡಿಹೋಗಿ ಕೇಳಿದೆ. ಬಸ್ ಸ್ಟ್ಯಾಂಡಿನಲ್ಲಿ ಯಾರೂ ಚೀಲ ಕಂಡಿರಲಿಲ್ಲ. ದಿಕ್ಕು ತೋಚದೆ ಫೋನನ್ನೇ ಶರಣುಹೋಗಿ, ಬಸ್ಸಿನಲ್ಲಿ ಚೀಲ ಕಳೆದಿದೆ, ಏನು ಮಾಡಬೇಕು ಎಂದು ಬರೆದೆ. ನಾನು ಎಲ್ಲಿಂದ ಎಲ್ಲಿಗೆ ಯಾವ ಹೊತ್ತಿನಲ್ಲಿ ಬಂದೆನೆಂಬುದು ಆ ಸರ್ವಾಂತರ್ಯಾಮಿಗೆ ಚೆನ್ನಾಗಿ ಗೊತ್ತಿತ್ತು. ಅದು ಚೀಲಗಳನ್ನು ತೋರಿಸಿತು. ಚರ್ಮದ ಚೀಲ, ಚಕ್ರದ ಚೀಲ, ಎರಡು ಕೊಂಡರೆ ಒಂದು ಉಚಿತ! ನನ್ನ ಸಂಕಟದಿಂದಲೂ ಎಲ್ಲೋ ಯಾರಿಗೋ ನಾಲ್ಕು ಕಾಸು ಹುಟ್ಟಿರಬೇಕು. ಸರೋಜ ಬೈಯಲಿಲ್ಲ. “ಹೋಗ್ಲಿ ಬಿಡಿ, ಇನ್ನೊಂದ್ ಕಣ್ಣಲ್ಲಿ ಅಷ್ಟೋ ಇಷ್ಟೋ ಕಾಣ್ಸುತ್ತಲ್ಲ” ಎಂದಳು. ಬೈದಿದ್ದರೇ ವಾಸಿಯಿತ್ತು.

ಮರುದಿನ ಬೆಳಿಗ್ಗೆ, ಆಪರೇಷನ್ ಮುಂದೂಡಿ ಎಂದು ಕೇಳಿಕೊಳ್ಳಲು ಇಬ್ಬರೂ ಆಸ್ಪತ್ರೆಗೆ ಹೋದರೆ, ಬಾಗಿಲಲ್ಲಿ ನನ್ನ ಚೀಲವನ್ನು ಎದೆಗವಚಿಕೊಂಡು ನಾರಾಯಣಮ್ಮ ನಿಂತಿದ್ದಾರೆ!

“ಅಯ್ಯೋ ದೇವುಡಾ, ಚಿಂತಾಮಣಿಯೆಲ್ಲ ಜಾಲಾಡ್ಬಿಟ್ಟೆ ಸ್ವಾಮಿ! ಒಂದ್ ದಿನಸಿ ಅಂಗ್ಡೀನೂ ಬಿಡ್ಲಿಲ್ಲ. ನಿಮ್ಮಂಥೋರು ಯಾರೂ ಇಲ್ಲ ಅಂದ್ಬಿಟ್ರು.”

ಚೀಲ ಕಂಡೊಡನೆ ಅವರು ಮುಂದಿನ ಬಸ್ಸು ಹತ್ತಿದ್ದರು. ಚಿಂತಾಮಣಿಯ ಬಸ್ಸು ಹೋಗುವುದು ಶಿಡ್ಲಘಟ್ಟದ ಮೇಲೆಯೇ. ಅಲ್ಲಿಳಿದು ಮೇಲೂರಿನ ದಾರಿ ಹಿಡಿಯಬೇಕಾದವರು ಇಳಿಯದೆ, ನಾನು ತಲೆಯ ಮೇಲೆ ಕೈಹೊತ್ತು ಕೂತಿದ್ದ ಊರನ್ನೇ ಹಾದು, ನನ್ನ ಸುಳ್ಳಿನ ಬೆನ್ನು ಹತ್ತಿ ಹೋಗಿದ್ದರು. ಕೊನೆಗೆ ಯಾರಿಂದಲೋ ಆಸ್ಪತ್ರೆಯ ಕಾರ್ಡು ಓದಿಸಿದರೆ ಅದರಲ್ಲಿ ಆಪರೇಷನ್ನಿನ ದಿನಾಂಕವಿತ್ತು, ಊರೂ ಇಲ್ಲ, ಫೋನೂ ಇಲ್ಲ. ಆ ಜಾಗಗಳನ್ನು ನಾನೇ ಜಾಣತನ ಮಾಡಿ ಖಾಲಿ ಬಿಡಿಸಿದ್ದೆ. ಯಾವೂರಿನವರಾದರೂ ಬೆಳಿಗ್ಗೆ ಇಲ್ಲಿಗೆ ಬರಲೇಬೇಕಲ್ಲ ಎಂದು ಮೊದಲ ಬಸ್ಸಿಗೆ ಬಂದು ಕಾಯುತ್ತಿದ್ದರು.

ಕೈಮುಗಿದು ಊರಿನ ಬಗ್ಗೆ ನಿಜ ಹೇಳಿದೆ. “ಶಿಡ್ಲಘಟ್ಟಾನಾ? ನಮ್ ಪಕ್ಕದೋರೇ! ಹಂಗಂದಿದ್ರೆ ನಿನ್ನೆ ಸಾಯಂಕಾಲಾನೇ ಮನೆಗೆ ತಂದ್ಕೊಡ್ತಿದ್ನಲ್ಲ” ಎಂದು ನಕ್ಕರು. ಆ ನಗುವಿನಲ್ಲಿ ಕೋಪದ ಲವಲೇಶವೂ ಇರಲಿಲ್ಲ. ಕೇಳುವ ಮೊದಲೇ ತಮ್ಮದನ್ನೆಲ್ಲ ಹೇಳಿಕೊಂಡು, ನನ್ನಿಂದ ಪಡೆದ ಪೊಳ್ಳು ವಿವರವನ್ನೂ ನನಗಾಗಿಯೇ ಹೊತ್ತು ತಿರುಗಿದ ಆ ತಾಯಿಯ ಮುಂದೆ ನನ್ನ ಅರವತ್ತೆಂಟು ವರ್ಷದ ತಲೆ ತಾನಾಗಿ ಬಾಗಿತು. ಇಂಥ ಋಣವನ್ನು ಹೊತ್ತುಕೊಂಡಿರುವುದೂ ಒಂದು ಸುಖ.

ಡಾಕ್ಟರು ಚೀಟಿ ಓದಿ, ಬೇರೆ ಔಷಧಿ ಗೊತ್ತುಮಾಡಿ, ಸರೋಜಳನ್ನು ಒಳಗೆ ಕರೆಸಿಕೊಂಡರು. ಹೊರಡಲೆಂದು ಸೆರಗು ಸರಿಮಾಡಿಕೊಂಡ ನಾರಾಯಣಮ್ಮ ಅತ್ತಿತ್ತ ನೋಡಿದರು.

“ಗಂಡ್‌ಮಕ್ಳೆಲ್ಲಿ ಸ್ವಾಮಿ? ಇನ್ನೂ ಬಂದಿಲ್ವಾ?”

ನಮಗೆ ಮಕ್ಕಳಿಲ್ಲ. ಈ ಸಂಗತಿ ಹೇಗೋ ಏನೋ ನನ್ನ ಫೋನಿಗೆ ಎಂದೋ ತಿಳಿದುಹೋಗಿದೆ. ವೃದ್ಧಾಶ್ರಮಗಳ ಜಾಹೀರಾತನ್ನು ಅದು ತಪ್ಪದೆ ತೋರಿಸುತ್ತದೆ. ಮನುಷ್ಯರಿಗೆ ಹೇಳಬೇಕಾದಾಗ ಮಾತ್ರ ನನ್ನ ನಾಲಿಗೆ ಈಗಲೂ ತಡವರಿಸುತ್ತದೆ. ಅಂದು ಹೇಳಿದೆ.

ನಾರಾಯಣಮ್ಮ ಬೆಂಚಿನ ಮೇಲೆ ನನ್ನ ಪಕ್ಕ ಬಂದು ಕೂತರು.

“ಅಕ್ಕ ಆಚೆಗೆ ಬರೋಗಂಟ ನಾನಿರ್ತೀನಿ ಬಿಡಣ್ಣ” ಎಂದರು. “ನೀನ್ ಹೋಗಿ ಏನಾರ ತಿಂದ್ಕೊಂಡು ಬಾ.”