ಬ್ರೇಕಿಗೆ ಬಿಟ್ಟ ಎರಡು ಹನಿ ಎಣ್ಣೆ

ಸದಾಶಿವಯ್ಯ ಮೇಷ್ಟ್ರು ತರಗತಿಗೆ ಬಂದವರು ಹಾಜರಿ ಕರೆಯುವ ಮೊದಲು ಎರಡೂ ಅಂಗೈಗಳನ್ನು ಗಸಗಸ ಉಜ್ಜಿ, ಮುಂದಿನ ಬೆಂಚಿನಲ್ಲಿ ಸಿಕ್ಕವನ ಕೆನ್ನೆಗಳ ಮೇಲೆ ಇಡುತ್ತಿದ್ದರು.

"ಬಿಸಿ ಆಯ್ತೇನ್ಲಾ? ಒಲೆ ಇಲ್ಲ, ಬೆಂಕಿ ಇಲ್ಲ, ಎಲ್ಲಿಂದ ಬಂತು?"

ಉತ್ತರ ಯಾರಿಗೂ ಬೇಕಿರಲಿಲ್ಲ. ಚಳಿಗಾಲದ ಬೆಳಗಿನಲ್ಲಿ ಆ ಕೈಗಳೇ ಬೇಕಿದ್ದವು. ಅದಕ್ಕಾಗಿ ಮುಂದಿನ ಬೆಂಚಿಗೆ ನಾವು ಜಗಳವಾಡುತ್ತಿದ್ದೆವು. ಕೆನ್ನೆಗೆ ಹತ್ತಿದ ಸೀಮೆಸುಣ್ಣವನ್ನು ಮಧ್ಯಾಹ್ನದವರೆಗೂ ಒರೆಸಿಕೊಳ್ಳುತ್ತಿರಲಿಲ್ಲ.

ತೊಂಬತ್ತರ ದಶಕದ ಶುರುವಿನ ಮಾತು. ನಾನು ಹೊಳೆನರಸೀಪುರದಲ್ಲಿ ಒಂಬತ್ತನೇ ಕ್ಲಾಸು. ಮೇಷ್ಟ್ರು ಅರಕಲಗೂಡಿನ ಕಡೆಯವರು, ಹೊಳೆಯ ಹತ್ತಿರ ಬಾಡಿಗೆ ಮನೆ ಮಾಡಿದ್ದರು. ಪಾಠಕ್ಕೆ ಅವರಿಗೆ ಕರಿಹಲಗೆ ಸಾಲುತ್ತಿರಲಿಲ್ಲ. ಒಂದು ದಿನ ನಮ್ಮನ್ನೆಲ್ಲ ಭತ್ತದ ಮಂಡಿಗೆ ಕರೆದುಕೊಂಡು ಹೋಗಿ ಮೂಟೆ ತೂಗುವ ತಕ್ಕಡಿಯ ಮೇಲೆ ಒಬ್ಬೊಬ್ಬರನ್ನೇ ನಿಲ್ಲಿಸಿ ತೂಕ ಬರೆದುಕೊಂಡರು. ವಾಪಸ್ ಬಂದು ಶಾಲೆಯ ಮೆಟ್ಟಿಲ ಕೆಳಗೆ ನಿಲ್ಲಿಸಿ, ಕೈಗಡಿಯಾರ ಹಿಡಿದು, "ಓಡ್ರೋ!" ಎಂದರು.

ನನಗೂ ನನ್ನ ಪಕ್ಕದವನಿಗೂ ತೂಕ ಒಂದೇ. ನಾನು ಅವನಿಗಿಂತ ಮೊದಲು ಮೇಲೆ ಹತ್ತಿ ನಿಂತಿದ್ದೆ.

"ಇಬ್ರೂ ಮಾಡಿದ್ ಕೆಲಸ ಒಂದೇ ಕಣ್ರೋ. ತೂಕ ಅಷ್ಟೇ, ಮೆಟ್ಲೂ ಅಷ್ಟೇ. ಆದ್ರೆ ಇವ್ನು ಬೇಗ ಮಾಡ್ಬುಟ್ಟ. ಅದುಕ್ಕೇ ಸಾಮರ್ಥ್ಯ ಅನ್ನೋದು. ಅದ್ನ ಕುದುರೆ ಲೆಕ್ಕದಲ್ಲಿ ಅಳೀತಾರೆ, ಅಶ್ವಶಕ್ತಿ ಅಂತ." ನೆಲದ ಮೇಲೆಯೇ ಸೀಮೆಸುಣ್ಣದಿಂದ ಗುಣಿಸಿ ಭಾಗಿಸಿ ತಲೆ ಎತ್ತಿದರು. "ಅರ್ಧ ಕುದುರೆ ಕಣ್ಲಾ ನೀನು!"

ಅಂದಿನಿಂದ ಅದೇ ನನ್ನ ಹೆಸರು. ಬೇರೆ ಯಾರಾದರೂ ಅರ್ಧ ಎಂದಿದ್ದರೆ ಹೊಡೆದಾಟವಾಗುತ್ತಿತ್ತು. ಅವರ ಬಾಯಲ್ಲಿ ಅದು ಬಿರುದು.

ಕೆಲವು ದಿನಗಳ ನಂತರ ಹಲಗೆಯ ಮೇಲೆ ಇಟ್ಟಿಗೆಯೊಂದನ್ನು ದಾರ ಕಟ್ಟಿ ಎಳೆಯುತ್ತ, "ಘರ್ಷಣೆ ಒಳ್ಳೇದೋ ಕೆಟ್ಟದ್ದೋ? ಅರ್ಧ ಕುದುರೆ, ಹೇಳು" ಎಂದರು. "ಕೆಟ್ಟದ್ದು ಸಾ, ಅದಕ್ಕೇ ಎಣ್ಣೆ ಬಿಡೋದು" ಎಂದೆ. "ಅರ್ಧ ಮಾರ್ಕು. ಉಳಿದರ್ಧ ನಾಳೆ ಯೇಳ್ತೀನಿ" ಎಂದರು. ಅಷ್ಟರಲ್ಲಿ ಗಂಟೆ ಹೊಡೆಯಿತು.

ಮರುದಿನ ನಾನು ಹೋಗಲಿಲ್ಲ. ಆ ಪ್ರಶ್ನೆ ಕೇಳಿದ ದಿನವೇ ಮಧ್ಯಾಹ್ನ ಗಣಿತದ ಮೇಷ್ಟ್ರು ಉತ್ತರಪತ್ರಿಕೆ ಕೊಟ್ಟು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದರು. ಹುಡುಗಿಯರು ನಕ್ಕರು. ಇನ್ನು ಆ ಬಾಗಿಲು ತುಳಿಯುವುದಿಲ್ಲ ಎಂದು ಮನೆಗೆ ಬಂದವನು ತುಳಿಯಲೇ ಇಲ್ಲ. ಸದಾಶಿವಯ್ಯ ಮೇಷ್ಟ್ರು ಎರಡು ಸಲ ಮನೆಗೆ ಬಂದರು. ಎರಡು ಸಲವೂ ಹಿತ್ತಲಲ್ಲಿ ಅಡಗಿ ಕೂತೆ. ಅವ್ವನಿಗೆ ಅವರು ಹೇಳಿದ್ದು ಗೋಡೆಯಾಚೆ ಕೇಳಿಸುತ್ತಿತ್ತು: "ಓದು ಬ್ಯಾಡ ಅಂದ್ರೆ ಬುಡ್ಲಿ ಕಣವ್ವ. ಒಂದಿನ ಬಂದು ಆ ಉಳಿದರ್ಧನಾದ್ರೂ ಕೇಳ್ಕಂಡು ಓಗ್ಲಿ."

ಸೈಕಲ್ ಕೆಲಸ ಕಲಿತು, ನಾಲ್ಕೈದು ವರ್ಷಕ್ಕೆ ಬಸ್ ನಿಲ್ದಾಣದ ಹತ್ತಿರ ಸ್ವಂತ ಅಂಗಡಿ ಹಾಕಿದೆ. ಬೆಳಿಗ್ಗೆ ಆರಕ್ಕೆ ಬಾಗಿಲು ತೆಗೆದರೆ ಊಟಕ್ಕೂ ಏಳುತ್ತಿರಲಿಲ್ಲ. ಯಾರ ಹಂಗೂ ಇರಲಿಲ್ಲ. ಸದ್ದು ನಿಂತರೆ ರಿಪೇರಿ ಆಯಿತು ಎನ್ನುವುದು ನನ್ನ ಶಾಸ್ತ್ರ. ನನ್ನ ಕೈ ಸೋಕಿದರೆ ಎಂಥ ಗಡಗಡ ಸೈಕಲ್ಲೂ ಬಾಯಿ ಮುಚ್ಚುತ್ತದೆ ಎಂದು ಜನ ಹೇಳಿದಾಗ ನಾನೂ ನಂಬಿದೆ. ಮೇಷ್ಟ್ರು ಬೇರೆ ಅಂಗಡಿಗೆ ಹೋಗುವುದನ್ನು ಬಿಟ್ಟರು. "ನಮ್ಮ ಅರ್ಧ ಕುದುರೆ ಅಂಗಡಿ ಮಡ್ಗವ್ನೆ" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದರಂತೆ.

ಒಂದು ಸಂತೆಯ ದಿನ ಬಂದರು. "ಬ್ರೇಕ್ ಹಿಡಿದ್ರೆ ಕಿರ್ರೋ ಅಂತೈತೆ ನೋಡ್ಲಾ" ಎಂದು ಸೈಕಲ್ ಒರಗಿಸಿ, ಎದುರಿನ ರಾಜಣ್ಣನ ಟೀ ಅಂಗಡಿಗೆ ಹೋದರು. ರಬ್ಬರ್ ಬಿಚ್ಚಿ, ಅರ ಹಾಕಿ ಉಜ್ಜಿ, ಮತ್ತೆ ಕೂರಿಸಬೇಕಿತ್ತು. ಅರ್ಧ ಗಂಟೆಯ ಕೆಲಸ. ಮುಂದೆ ನಾಲ್ಕು ಪಂಕ್ಚರ್ ಕಾಯುತ್ತಿದ್ದವು. ನಾನು ಎಣ್ಣೆಡಬ್ಬಿ ತೆಗೆದು, ಮುಂದಿನದಕ್ಕೊಂದು ಹಿಂದಿನದಕ್ಕೊಂದು, ರಬ್ಬರ್ ಚಕ್ರಕ್ಕೆ ತಾಗುವ ಕಡೆ ಎರಡು ಹನಿ ಬಿಟ್ಟೆ. ಚಕ್ರ ತಿರುಗಿಸಿ ಬ್ರೇಕ್ ಒತ್ತಿದೆ. ಸದ್ದೇ ಇಲ್ಲ.

"ಆಗ್ಲೇ ಆಯ್ತೇನ್ಲಾ?"

"ಆಯ್ತು ಸಾ. ಇನ್ನು ಉಸಿರೆತ್ತಲ್ಲ."

"ಬೇಗ ಮಾಡ್ಬುಟ್ಟೆ!" ಎಂದು ಬೆನ್ನು ತಟ್ಟಿ ಹೊರಟರು.

ಹೊಳೆಯ ಕಡೆ ಇಳಿಯುವ ರಸ್ತೆಯಲ್ಲಿ ತೆಂಗಿನಕಾಯಿ ತುಂಬಿದ ಗಾಡಿ ಅಡ್ಡ ಬಂತು. ಬ್ರೇಕ್ ಹಿಡಿಯಲಿಲ್ಲ. ಎತ್ತುಗಳಿಗೆ ತಾಗಬಾರದೆಂದು ಮೇಷ್ಟ್ರು ಪಕ್ಕದ ಕಲ್ಲಿನ ಮೇಲೆ ಬಿದ್ದರು. ಬಲಗೈ ಮಣಿಕಟ್ಟು ಮುರಿಯಿತು. ಅವರನ್ನು ಹಾಸನಕ್ಕೆ ಕಳಿಸಿ, ಸೊಟ್ಟಗಾದ ಸೈಕಲನ್ನು ನನ್ನ ಅಂಗಡಿಗೇ ತಂದರು.

ರಾಜಣ್ಣ ಬಂದು ನಿಂತ. "ಏನ್ಲಾ, ಈಗ್ ತಾನೆ ನಿನ್ ತಾವ ರಿಪೇರಿ ಮಾಡ್ಸ್ಕಂಡ್ ಓದ್ರಲ್ಲ?"

ನಾಲ್ಕು ಜನ ನನ್ನ ಮುಖವನ್ನೇ ನೋಡುತ್ತಿದ್ದರು. ನಾನು ಬ್ರೇಕಿನ ಹಿಡಿ ಒತ್ತಿ ತೋರಿಸಿದೆ. "ನೋಡಣ್ಣ, ಕಲ್ಲಿದ್ದಂಗೈತೆ. ಮೇಷ್ಟ್ರು ದಾರೀಲೂ ಲೆಕ್ಕ ಮಾಡ್ಕಂಡ್ ಓಗ್ತಾರೆ. ರೋಡು ಯಾರು ನೋಡ್ತಾರೆ?"

ಎಲ್ಲರೂ ನಕ್ಕರು. ಅವರು ಅತ್ತ ಹೋದ ಮೇಲೆ ಸೀಮೆಎಣ್ಣೆ ಬಟ್ಟೆಯಿಂದ ಎರಡೂ ಚಕ್ರ ಒರೆಸಿ, ಆ ಬಟ್ಟೆಯನ್ನು ಒಲೆಗೆ ಹಾಕಿದೆ.

ನನ್ನ ತಂಗಿ ಗೌರಿ ಆಗ ಅವರ ತರಗತಿಯಲ್ಲಿದ್ದಳು. ಕೈಗೆ ಪಟ್ಟಿ ಕಟ್ಟಿಕೊಂಡೇ ಮೇಷ್ಟ್ರು ಪಾಠ ಮಾಡಿದ್ದನ್ನು ರೊಟ್ಟಿ ತಿನ್ನುತ್ತ ಹೇಳಿದಳು. ಇಳಿಜಾರಿನ ತಲೆಯಲ್ಲಿ ನಿಂತ ಸೈಕಲ್ಲಿನಲ್ಲಿ ಶಕ್ತಿ ತುಂಬಿಕೊಂಡಿರುತ್ತದೆ. ಇಳಿಯುತ್ತ ಅದೇ ವೇಗವಾಗುತ್ತದೆ. "ನಿಲ್ಲಬೇಕು ಅಂದ್ರೆ ಆ ಶಕ್ತಿ ಎಲ್ಲಾದ್ರೂ ಓಗ್ಬೇಕಲ್ರೋ? ಬ್ರೇಕಿನಲ್ಲಿ ಉಜ್ಜಿ ಬಿಸಿಯಾಗಿ ಓಗ್ಬೇಕಿತ್ತು. ಎಣ್ಣೆ ಇತ್ತು, ಉಜ್ಜಲಿಲ್ಲ. ನನ್ನ ಮೂಳೆಗೆ ಬಂತು. ಘರ್ಷಣೆ ಚೈನಿಗೆ ಕೆಟ್ಟದ್ದು, ಬ್ರೇಕಿಗೆ ಒಳ್ಳೇದು. ಬರ್ಕಳ್ರಿ."

"ಯಾರು ಸಾ ಎಣ್ಣೆ ಬಿಟ್ಟಿದ್ದು?" ಎಂದು ಒಬ್ಬಳು ಕೇಳಿದಳಂತೆ.

"ನಾನೇ ಕಣವ್ವ. ಕಿರಗುಟ್ಟೋದು ತಡೀಲಾರ್ದೆ."

ತಟ್ಟೆ ಬದಿಗಿಟ್ಟು ಅವಳ ನೋಟ್‌ಬುಕ್ ತೆಗೆದು ನೋಡಿದೆ. ಬಿದ್ದಾಗಲೇ ಅವರು ಎಡಗೈಯಿಂದ ಚಕ್ರ ಮುಟ್ಟಿ ನೋಡಿರಬೇಕು. ನಾನು ಒರೆಸುವುದಕ್ಕೆ ಮೊದಲೇ ಅವರ ಬೆರಳಿಗೆ ಎಣ್ಣೆ ಹತ್ತಿತ್ತು. ನನಗೆ ಬಾಕಿಯಿದ್ದ ಉಳಿದರ್ಧ ತಂಗಿಯ ನೋಟ್‌ಬುಕ್ಕಿನಲ್ಲಿ ಮನೆಗೆ ಬಂದಿತ್ತು.

ಮೂಳೆ ಕೊಂಚ ಓರೆಯಾಗಿ ಕೂಡಿಕೊಂಡಿತು. ಆಮೇಲೆ ಅವರ ಅಂಗೈಗಳು ಒಂದಕ್ಕೊಂದು ಸರಿಯಾಗಿ ಕೂರುತ್ತಿರಲಿಲ್ಲ. ಹೊಸ ಹುಡುಗರ ಕೆನ್ನೆಗೆ ಆ ಬಿಸಿ ಸಿಗಲಿಲ್ಲ ಎಂದು ಗೌರಿಯೇ ಹೇಳಿದಳು. ಸೈಕಲನ್ನು ಮಾತ್ರ ನನ್ನ ಹತ್ತಿರವೇ ತರುತ್ತಿದ್ದರು. ಉಳಿದ ಗಿರಾಕಿಗಳು ಬ್ರೇಕ್ ಒತ್ತಿ ನೋಡಿಯೇ ಹತ್ತುವುದು. ಮೇಷ್ಟ್ರು ಒಂದು ದಿನವೂ ಒತ್ತಿ ನೋಡಲಿಲ್ಲ. ಕೊಟ್ಟ ತಕ್ಷಣ ಹತ್ತಿ ಹೊರಟುಬಿಡುತ್ತಿದ್ದರು. ಅವರು ಇಳಿಜಾರಿನ ಕಡೆ ತಿರುಗುವವರೆಗೂ ನಾನು ಪಾನಾ ಹಿಡಿದು ನಿಂತೇ ಇರುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿದ ಮೇಲೆ ನಿವೃತ್ತರಾದರು. ಅರಕಲಗೂಡಿಗೆ ಹೊರಟ ದಿನ, ಸೈಕಲನ್ನು ಬಸ್ಸಿನ ಮೇಲೆ ಹಾಕಿಸುವ ಮೊದಲು ಅಂಗಡಿಗೆ ತಂದರು. ನಾನು ಬ್ರೇಕಿಗೆ ಹೊಸ ರಬ್ಬರ್ ಹಾಕಿದೆ. ಎದ್ದು ನಿಂತಾಗ ಕೇಳಿದರು:

"ಅರ್ಧ ಕುದುರೆ, ಘರ್ಷಣೆ ಒಳ್ಳೇದೋ ಕೆಟ್ಟದ್ದೋ?"

"ಎರಡೂ ಸಾ. ಚೈನಿಗೆ ಕೆಟ್ಟದ್ದು, ಬ್ರೇಕಿಗೆ ಒಳ್ಳೇದು."

"ಪೂರ್ತಿ ಮಾರ್ಕು." ಅಷ್ಟಕ್ಕೇ ಹೊರಡಲಿಲ್ಲ. ಓರೆಯಾದ ಮಣಿಕಟ್ಟನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತರು. "ಇನ್ನೇನಾರ ಯೇಳೋದೈತೇನ್ಲಾ?"

ಬೆಂಚಿನ ಮೇಲೆ ಮೂವರು ಗಿರಾಕಿಗಳಿದ್ದರು. ಎದುರಿಗೆ ರಾಜಣ್ಣ ಟೀ ಸೋಸುತ್ತಿದ್ದ. ಇಷ್ಟು ವರ್ಷ ಕಟ್ಟಿದ ಹೆಸರು ಕಣ್ಣ ಮುಂದೆ ಬಂತು.

"ಏನಿಲ್ಲ ಸಾ" ಎಂದೆ.

"ಆಗ್ಲಿ ಕಣಪ್ಪ" ಎಂದು ತಲೆಯಾಡಿಸಿ, ಸೈಕಲ್ ತಳ್ಳಿಕೊಂಡು ಬಸ್ಸಿನ ಕಡೆ ಹೋದರು. ಅಲ್ಲಿಯವರೆಗೆ ನನಗೆ ಅವರದು ಯಾವಾಗಲೂ 'ಕಣ್ಲಾ', ಒಮ್ಮೆಯೂ 'ಕಣಪ್ಪ' ಎಂದವರಲ್ಲ.

ಎರಡು ವರ್ಷಕ್ಕೆ ಅವರು ತೀರಿಹೋದ ಸುದ್ದಿ ಬಂತು. ಅಂದು ಅಂಗಡಿ ಮುಚ್ಚಿದೆ. ಮಾರನೆಯ ದಿನ ಬಾಗಿಲು ತೆಗೆದವನು ಆ ಎಣ್ಣೆಯ ವಿಷಯ ಮೊದಲು ಹೇಳಿದ್ದು ರಾಜಣ್ಣನಿಗೆ. ಅವನು ಕೈಯಲ್ಲಿದ್ದ ಲೋಟ ಕೆಳಗಿಟ್ಟು, "ಈಗ ಯೇಳ್ತಾ ಇದೀಯೇನ್ಲಾ?" ಎಂದ. ಈಗ ಬ್ರೇಕ್ ಕಿರಗುಟ್ಟುತ್ತದೆ ಎಂದು ಯಾರು ಬಂದರೂ ಹೇಳುತ್ತೇನೆ: ಒಬ್ಬ ಮೇಷ್ಟ್ರ ಬ್ರೇಕಿಗೆ ನಾನು ಎಣ್ಣೆ ಬಿಟ್ಟಿದ್ದೆ, ಅವರ ಕೈ ಮುರಿಯಿತು, ಸುಳ್ಳು ಹೇಳಿದೆ. ಸಂತೆಗೆ ಬಂದ ಚನ್ನರಾಯಪಟ್ಟಣದವರಿಗೂ ಹೇಳಿದ್ದೇನೆ, ಹೆಸರು ಗೊತ್ತಿಲ್ಲದವರಿಗೂ ಹೇಳಿದ್ದೇನೆ. ಹೇಳುವುದೇನಾದರೂ ಇದೆಯೇ ಎಂದು ಕೇಳಿದವರು ಮೇಷ್ಟ್ರೊಬ್ಬರೇ.