ಇಲ್ಲದ ಟೀವಿಯ ಪೆಟ್ಟಿಗೆ

ನಮ್ಮ ನಡುಮನೆಯಲ್ಲಿ ನಿನ್ನೆಯಿಂದ ಒಂದು ಖಾಲಿ ರಟ್ಟಿನ ಪೆಟ್ಟಿಗೆ ಕೂತಿದೆ. ಇಲ್ಲೇ ಮಲೇಷ್ಯಾದ ಪುಚೊಂಗಿನ ನಮ್ಮ ಬೀದಿಯ ತುದಿಯಲ್ಲಿರುವ ತಮಿಳರ ದಿನಸಿ ಅಂಗಡಿಯಿಂದ ನಮ್ಮ ಯಜಮಾನರು ಹೊತ್ತು ತಂದದ್ದು. ಮೊದಲು ಅದರಲ್ಲಿ ಒಣಮೆಣಸಿನಕಾಯಿ ಇತ್ತಂತೆ. ಹತ್ತಿರ ಹೋದರೆ ಸಾಕು, ಮೂಗಿನೊಳಗೆ ಚುರ್ ಅನ್ನುತ್ತದೆ. ಬೆಳಿಗ್ಗೆ ಗುಡಿಸಲು ಹೋದ ನಾನು ಸೀನಿ ಸೀನಿ ಸಾಕಾಗಿ, ಪೊರಕೆ ಬದಿಗಿಟ್ಟು ಅದರ ಪಕ್ಕದಲ್ಲೇ ಕೂತುಬಿಟ್ಟೆ. ಒಂದು ಖಾಲಿ ಪೆಟ್ಟಿಗೆ ಎತ್ತಿ ಆಚೆ ಹಾಕೋದಕ್ಕೆ ಇಷ್ಟೊಂದು ಯೋಚನೆಯೇ ಅಂತ ನೀವು ಕೇಳಬಹುದು. ನಮ್ಮ ಮನೆಯ ಪುರಾಣ ಗೊತ್ತಿದ್ದರೆ ಕೇಳುತ್ತಿರಲಿಲ್ಲ. ಹೇಳುತ್ತೇನೆ, ನೀವೂ ಸ್ವಲ್ಪ ದೂರದಲ್ಲಿ ಕೂತುಕೊಳ್ಳಿ, ಮೆಣಸಿನಕಾಯಿ ಘಾಟು.

ನಮ್ಮ ಯಜಮಾನರು ಗದಗಿನ ಕಡೆಯವರು, ನಾನು ಮೈಸೂರಿನವಳು. ಮದುವೆಯಾದ ಹೊಸತರಲ್ಲಿ ಎರಡು ವರ್ಷದ ಮಟ್ಟಿಗೆ ಅಂತ ಮಲೇಷ್ಯಾಕ್ಕೆ ಬಂದೆವು. ಆ ಎರಡು ವರ್ಷ ಇನ್ನೂ ಮುಗಿದಿಲ್ಲ. ಪ್ರತಿ ವರ್ಷವೂ ಯಜಮಾನರ ಬಾಯಲ್ಲಿ ಒಂದೇ ಮಾತು, ‘ಮುಂದಿನ ವರ್ಷ ಊರಿಗೆ ಹೋಗೂದೈತಿ.’ ಊರಿಗೆ ಹೋಗುವಾಗ ಸಾಮಾನು ಒಯ್ಯಬೇಕು, ಸಾಮಾನು ಒಯ್ಯಬೇಕಾದರೆ ಅದರದರ ಪೆಟ್ಟಿಗೆ ಬೇಕು. ಹೀಗಾಗಿ ಮನೆಗೆ ಏನೇ ಬರಲಿ, ಮೊದಲು ಅದರ ಪೆಟ್ಟಿಗೆಗೆ ಪೆಟ್ಟಾಗದ ಹಾಗೆ ಬಿಚ್ಚುವುದು, ಥರ್ಮೋಕೋಲನ್ನು ಮತ್ತೆ ಅದರಲ್ಲೇ ಕೂರಿಸುವುದು, ಟೇಪು ಹಚ್ಚಿ ಒಳಗೆ ಸೇರಿಸುವುದು. ಆಮೇಲೆ ಸಾಮಾನಿನ ಕಡೆ ನೋಡುವುದು. ನಾನು ಗೊಣಗಿದರೆ, ‘ಇರ್ಲಿ ಬಿಡು, ಬೇಕಾಗ್ತೈತಿ’ ಅನ್ನುತ್ತಿದ್ದರು. ನಗಬೇಡಿ. ಪರದೇಶಕ್ಕೆ ಬಂದು ನೆಲೆಸಿದ ನಮ್ಮವರ ಮನೆಗಳಿಗೆ ಹೋಗಿ ನೋಡಿ, ಮಂಚದ ಕೆಳಗೋ ಕಪಾಟಿನ ಮೇಲೋ ಇಂಥ ಪೆಟ್ಟಿಗೆ ಇದ್ದೇ ಇರುತ್ತದೆ.

ನಮ್ಮದು ಒಂದಕ್ಕೊಂದು ಅಂಟಿಕೊಂಡಿರುವ ಸಾಲುಮನೆಗಳಲ್ಲಿ ಒಂದು, ಬಾಡಿಗೆಯದು. ಮಲಗುವ ಕೋಣೆ ಎರಡು, ಅಡುಗೆಮನೆಯ ಹಿಂದೆ ಪುಟ್ಟದೊಂದು ಕೋಣೆ. ಆ ಪುಟ್ಟ ಕೋಣೆಯೇ ಪೆಟ್ಟಿಗೆಗಳ ಸಂಸ್ಥಾನ. ಮಿಕ್ಸಿಯದು ಓವನ್ನಿನದರೊಳಗೆ, ಇಸ್ತ್ರಿಪೆಟ್ಟಿಗೆಯದು ಮಿಕ್ಸಿಯದರೊಳಗೆ, ನೆಲದಿಂದ ಸೂರಿನ ತನಕ. ಬಾಗಿಲು ತೆಗೆದರೆ ರಟ್ಟಿನ ಮುಗ್ಗಲು ವಾಸನೆ ಮುಖಕ್ಕೆ ಹೊಡೆಯುತ್ತಿತ್ತು. ಒಳಗೆ ಕಾಲಿಡಲು ಜಾಗವಿರಲಿಲ್ಲ, ಹಲ್ಲಿಗಳಿಗೆ ಮಾತ್ರ ಧಾರಾಳವಾಗಿತ್ತು.

ಹೀಗಿರುವಾಗ ಕೊರೊನಾ ಬಂತು. ಯುಗಾದಿಗೆ ಇನ್ನೇನು ಕೆಲವೇ ದಿನ ಅನ್ನುವಾಗ ಎಲ್ಲರೂ ಮನೆಯಲ್ಲೇ ಇರಿ ಅಂತ ಸರ್ಕಾರದ ಅಪ್ಪಣೆಯಾಯಿತು. ದಿನಸಿ ತರಲು ಮನೆಗೊಬ್ಬರು ಮಾತ್ರ ಹೊರಗೆ ಹೋಗಬಹುದು. ಒಂದು ಮಲಗುವ ಕೋಣೆಯನ್ನು ಯಜಮಾನರ ಆಫೀಸು ನುಂಗಿತು, ಇನ್ನೊಂದನ್ನು ಪಕ್ಕದ ಪೆಟಾಲಿಂಗ್ ಜಯಾದಲ್ಲಿದ್ದ ನನ್ನ ಆಫೀಸು ನುಂಗಿತು. ನಡುಮನೆಯಲ್ಲಿ ಉಳಿದವಳು ಮಗಳು ಮೇಧಾ. ಹುಟ್ಟಿದ್ದು ಬೆಳೆದದ್ದು ಎಲ್ಲಾ ಇಲ್ಲೇ. ಮುಂದಿನ ವರ್ಷ ಅವಳಿಗೆ ಸ್ಕೂಲಿನ ಕೊನೆಯ ದೊಡ್ಡ ಪರೀಕ್ಷೆ. ಒಂದು ಕಡೆ ಅಪ್ಪನ ‘ಹಲೋ, ಕ್ಯಾನ್ ಯು ಹಿಯರ್ ಮಿ’, ಇನ್ನೊಂದು ಕಡೆ ನನ್ನ ಕುಕ್ಕರಿನ ಸೀಟಿ, ನಡುವೆ ಅವಳ ಭೌತಶಾಸ್ತ್ರದ ಆನ್ಲೈನ್ ಕ್ಲಾಸು. ಅವಳು ಎರಡು ದಿನ ನೋಡಿದಳು. ಮೂರನೆಯ ದಿನ ಲ್ಯಾಪ್‌ಟಾಪ್ ಎತ್ತಿಕೊಂಡು ಹೋಗಿ ಪೋರ್ಚಿನಲ್ಲಿ ನಿಲ್ಲಿಸಿದ್ದ ಕಾರಿನೊಳಗೆ ಕೂತಳು. ಸೀಟು ಬೆಲ್ಟು ಕಾಣಿಸಿ ಮೇಷ್ಟ್ರು, ಹೊರಗೆ ಹೋಗಬಾರದು, ನೀನೆಲ್ಲಿಗೆ ಹೊರಟೆಯಮ್ಮ ಅಂತ ಗದರಿದರಂತೆ.

ಈ ಊರಿನ ಸೆಕೆ ನಿಮಗೆ ಗೊತ್ತಿಲ್ಲದಿದ್ದರೆ ಹೇಳುತ್ತೇನೆ, ನಿಂತ ಕಾರಿನೊಳಗೆ ಇಡ್ಲಿ ಬೇಯಿಸಬಹುದು. ಬೆವರಿನಲ್ಲಿ ತೊಯ್ದು ಒಳಗೆ ಬಂದ ಹುಡುಗಿ, ‘ಅಮ್ಮಾ, ಐ ಡೋಂಟ್ ಈವನ್ ನೀಡ್ ಎ ರೂಮ್. ಜಸ್ಟ್ ಒನ್ ಡೋರ್ ಐ ಕ್ಯಾನ್ ಕ್ಲೋಸ್’ ಅಂದಳು. ಬಾಗಿಲಿರುವ ಕೋಣೆ ನಮ್ಮಲ್ಲಿ ಇತ್ತಲ್ಲ! ಅದರಲ್ಲಿ ರಟ್ಟು ವಾಸವಾಗಿತ್ತು.

ಯುಗಾದಿಗೆ ಧೂಳು ಹೊಡೆಯುವ ನೆಪ ಸಿಕ್ಕಿದ್ದು ಒಳ್ಳೆಯದೇ ಆಯಿತು. ನೇರವಾಗಿ ಪೆಟ್ಟಿಗೆಗಳ ತಂಟೆಗೆ ಹೋದರೆ ರಾದ್ಧಾಂತವಾಗುತ್ತದೆ ಅಂತ ನನಗೆ ಗೊತ್ತಿತ್ತು. ಆದ್ದರಿಂದ ಮನೆಯ ಇನ್ನೊಂದು ತುದಿಯಿಂದ ಶುರುಮಾಡಿದೆ. ನೀವೂ ಹಾಗೇ ಮಾಡಿ, ಜಗಳ ಬರುವ ಜಾಗವನ್ನು ಮೊದಲೇ ಮುಟ್ಟಬೇಡಿ. ಸುಲಭದ ಒಂದು ಮೂಲೆ ಹೊಳೆಯತೊಡಗಿದರೆ ಮನೆಮಂದಿಗೆಲ್ಲ ತಾನಾಗಿಯೇ ಹುಮ್ಮಸ್ಸು ಬರುತ್ತದೆ. ಇನ್ನೊಂದು, ಯಾವಾಗಲೂ ಮೇಲಿನಿಂದ ಕೆಳಗೆ ಬನ್ನಿ. ಇದು ನನ್ನಮ್ಮ ಮೈಸೂರಿನಲ್ಲಿ ಸಾವಿರ ಸಲ ಹೇಳಿಕೊಟ್ಟ ಪಾಠ. ನಾನು ಮಹಾ ಜಾಣೆ, ಮೊದಲು ನೆಲವನ್ನು ಕನ್ನಡಿಯ ಹಾಗೆ ಒರೆಸಿ ಆಮೇಲೆ ಫ್ಯಾನಿಗೆ ಕೈಹಾಕಿದೆ. ವರ್ಷದ ಧೂಳೆಲ್ಲ ತಲೆಯ ಮೇಲೂ ನೆಲದ ಮೇಲೂ ಉದುರಿತು. ಆಗ ಮೇಧಾ ಫೋನಿನಲ್ಲಿ ಹುಡುಕಿ ಒಂದು ಉಪಾಯ ಹೇಳಿದಳು. ಹಳೆಯ ದಿಂಬಿನ ಚೀಲವನ್ನು ಫ್ಯಾನಿನ ರೆಕ್ಕೆಗೆ ಅಂಗಿ ತೊಡಿಸಿದ ಹಾಗೆ ತೊಡಿಸಿ, ಅದುಮಿ ಹಿಡಿದು ಎಳೆದರೆ ಧೂಳೆಲ್ಲ ಚೀಲದೊಳಗೇ ಬೀಳುತ್ತದೆ. ಅಂದಿನಿಂದ ನಮ್ಮ ಮನೆಯ ಫ್ಯಾನುಗಳು ಅವಳ ಪಾಲಿಗೆ ಬಂದವು. ಇಲ್ಲಿಯ ತೇವಕ್ಕೆ ಕಪಾಟಿನಲ್ಲಿಟ್ಟ ಚರ್ಮದ ಚೀಲ, ಬೆಲ್ಟು ಎಲ್ಲಕ್ಕೂ ಬೂಷ್ಟು ಹಿಡಿದಿತ್ತು. ಎಲ್ಲವನ್ನೂ ಒರೆಸಿ ಬಿಸಿಲಿಗಿಟ್ಟೆ. ಕಪಾಟಿನ ಒಳಮೈಯನ್ನು ವಿನೆಗರಿನಲ್ಲಿ ಅದ್ದಿದ ಬಟ್ಟೆಯಿಂದ ಒರೆಸಿ, ಬಾಗಿಲು ಹಾರು ಹೊಡೆದು ಗಾಳಿಯಾಡಲು ಬಿಟ್ಟೆ. ಮತ್ತೆ, ದಮ್ಮಯ್ಯ, ಹಳೆಯ ಫೋಟೋ ಆಲ್ಬಂ ಸಿಕ್ಕರೆ ಬಿಚ್ಚಲೇಬೇಡಿ. ನಾನು ಬಿಚ್ಚಿದೆ, ಒಂದು ಮಧ್ಯಾಹ್ನ ಪೂರ್ತಿ ಹೋಯಿತು.

ಕೊನೆಗೆ ಅಡುಗೆಮನೆಗೆ ಬಂದೆವು. ಯಜಮಾನರು ಕೆಳಗಿನ ಕಪಾಟಿನ ಬಾಗಿಲು ತೆಗೆದರು ನೋಡಿ, ಪ್ಲಾಸ್ಟಿಕ್ ಡಬ್ಬಿಗಳು ದಬದಬನೆ ಅವರ ಕಾಲ ಮೇಲೆ ಬಿದ್ದವು. ಹೋಟೆಲಿನಿಂದ ಊಟ ಕಟ್ಟಿಸಿಕೊಂಡು ಬರುವುದಕ್ಕೆ ಇಲ್ಲಿ ತಪಾವ್ ಅನ್ನುತ್ತಾರೆ. ಹಾಗೆ ತಪಾವ್ ಮಾಡಿ ತಂದ ಡಬ್ಬಿಗಳನ್ನೆಲ್ಲ ತೊಳೆದು ಜೋಡಿಸಿಟ್ಟವಳು ನಾನೇ. ಡಬ್ಬಿಗೆ ಮುಚ್ಚಳವಿಲ್ಲ, ಮುಚ್ಚಳಕ್ಕೆ ಡಬ್ಬಿಯಿಲ್ಲ.

‘ಇವೆಲ್ಲಾ ಯಾಕ ಇಟ್ಟಿ?’ ಅಂದರು.

‘ಬೇಕಾಗುತ್ತೆ ಇರ್ಲಿ ಅಂತ...’ ಅನ್ನುತ್ತಿದ್ದವಳು ನಾಲಗೆ ಕಚ್ಚಿಕೊಂಡೆ. ಮೇಧಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ನಗುವಿನಲ್ಲೇ ಒಪ್ಪಂದವಾಯಿತು. ಜೋಡಿಯಿಲ್ಲದ ನನ್ನ ಡಬ್ಬಿಗಳೆಲ್ಲ ಮನೆಯಿಂದ ಆಚೆ, ಅದಕ್ಕೆ ಪ್ರತಿಯಾಗಿ ಸಾಮಾನಿಲ್ಲದ ಅವರ ಪೆಟ್ಟಿಗೆಗಳೂ ಆಚೆ. ತಮ್ಮ ಎಲ್ಲ ಪೆಟ್ಟಿಗೆಗೂ ಸಾಮಾನಿದೆ ಅನ್ನುವ ಧೈರ್ಯದಲ್ಲಿ ಯಜಮಾನರು ಒಪ್ಪಿದರು.

ಮೊದಲು ಹೊರಬಂದದ್ದೇ ಟೀವಿಯ ಪೆಟ್ಟಿಗೆ, ಎಲ್ಲಕ್ಕಿಂತ ದೊಡ್ಡದು. ಮೂವರೂ ಹಿಡಿದು ನಡುಮನೆಗೆ ತಂದು ನಿಲ್ಲಿಸಿದೆವು. ಮೇಧಾ ಅದನ್ನೂ ಗೋಡೆಯ ಮೇಲಿದ್ದ ಟೀವಿಯನ್ನೂ ನೋಡಿ, ಮಾತಿನ ಕೊನೆಗೆ ಇಲ್ಲಿಯವರ ಹಾಗೆ ಒಂದು ‘ಲಾ’ ಸೇರಿಸಿ ಅಂದಳು, ‘ಅಪ್ಪಾ, ದಿಸ್ ಈಸ್ ನಾಟ್ ಅವರ್ ಟೀವಿ ಲಾ.’

ಹೌದು, ಅಲ್ಲ. ಆ ಟೀವಿ ಸಿಡಿಲಿಗೆ ಸುಟ್ಟು ಗುಜರಿಗೆ ಹೋಗಿ ವರ್ಷಗಳೇ ಆಗಿದ್ದವು. ಅದರ ಪೆಟ್ಟಿಗೆ ಮಾತ್ರ, ಊರಿಗೆ ಹೋಗಲು ತಯಾರಾಗಿ, ಥರ್ಮೋಕೋಲ್ ಸಮೇತ ಕಾದು ಕೂತಿತ್ತು. ನನಗೆ ನಗು ತಡೆಯಲಾಗಲಿಲ್ಲ. ಯಜಮಾನರು ನಗಲಿಲ್ಲ. ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ನಿಂತೇ ಇದ್ದರು. ಆಮೇಲೆ ಮೆಲ್ಲಗೆ, ‘ಇವನ್ನೆಲ್ಲಾ ಒಗದ್ರ, ನಾವಿನ್ನ ಊರಿಗೆ ಹೋಗೂದಿಲ್ಲ ಅಂದಂಗ ಆತಲ್ಲ’ ಅಂದರು.

ನನ್ನ ನಗು ಅಲ್ಲೇ ನಿಂತಿತು. ವಿಮಾನಗಳೆಲ್ಲ ನಿಂತುಹೋಗಿದ್ದ ದಿನಗಳವು. ಗದಗಿನಲ್ಲಿ ಅವರ ಅಣ್ಣ, ಮೈಸೂರಿನಲ್ಲಿ ನನ್ನ ತಂಗಿ, ಯಾರನ್ನು ಮತ್ತೆ ಯಾವಾಗ ನೋಡುತ್ತೇವೋ ಗೊತ್ತಿರಲಿಲ್ಲ. ನನಗೂ ಭಯವಾಯಿತು ಅಂತ ಹೇಳಿಕೊಳ್ಳಲು ಸಂಕೋಚವೇನಿಲ್ಲ.

ಆಗ ಮೇಧಾ ನೆಲದ ಮೇಲೆ ಕೂತು ಮಿಕ್ಸಿಯ ಪೆಟ್ಟಿಗೆ ತಿರುಗಿಸುತ್ತಾ, ತಲೆಯೆತ್ತದೆ ಅಂದಳು, ‘ಎವೆರಿಥಿಂಗ್ ಇನ್ ದಿಸ್ ಹೌಸ್ ಹ್ಯಾಸ್ ಎ ಬಾಕ್ಸ್. ನನಗೆ ಮಾತ್ರ ಇಲ್ಲ.’

ಅವಳೇನೂ ಅಳುತ್ತಾ ಹೇಳಲಿಲ್ಲ, ತಮಾಷೆಗೆ ಅಂದಳೋ ಏನೋ. ಅಪ್ಪನಿಗೆ ಮಾತ್ರ ತಾಗಿತು. ಮಗಳನ್ನೇ ನೋಡಿದರು. ಈ ಮನೆಯ ಗೋಡೆಗೆ ಅವಳು ಒಂದು ಚಿತ್ರವನ್ನೂ ಹಚ್ಚಿದವಳಲ್ಲ. ಹೋಗುವ ಮನೆ, ಗೋಡೆ ಕೆಡಿಸಬೇಡ ಅಂತ ನಾವಿಬ್ಬರೂ ಹೇಳುತ್ತಲೇ ಬಂದಿದ್ದೆವು. ಹೋಗುವುದು ಅಂದರೆ ಅವಳಿಗೆ ಎಲ್ಲಿಗೆ?

‘ರೀ, ಹೋಗೋ ದಿನ ಬಂದ್ರೆ ಪೆಟ್ಟಿಗೆಗೇನು ಬರ ಬರಲ್ಲ. ಯಾವ ಅಂಗಡೀಲಿ ಕೇಳಿದ್ರೂ ಕೊಡ್ತಾರೆ’ ಅಂದೆ.

ಅವರು ಒಳಗೆ ಹೋಗಿ ಚಾಕು ತಂದು, ಟೀವಿಯ ಪೆಟ್ಟಿಗೆಯ ತಳದ ಟೇಪನ್ನು ಸರ್ರನೆ ಸೀಳಿದರು. ಅಷ್ಟು ದೊಡ್ಡ ಪೆಟ್ಟಿಗೆ ಮಡಿಸಿದ ಮೇಲೆ ಚಾಪೆಯಷ್ಟಾಯಿತು. ಆಮೇಲೆ ಅವರ ಕೈ ನಿಲ್ಲಲೇ ಇಲ್ಲ. ನಾವು ಇರಲಿ ಅಂದ ಮಿಕ್ಸಿಯ ಪೆಟ್ಟಿಗೆಯೂ ಚಪ್ಪಟೆಯಾಯಿತು.

ಕೊನೆಯ ಸಾಲು ತೆಗೆದಾಗ ಹಿಂದೆ ಕಿಟಕಿ ಕಾಣಿಸಿತು. ಸತ್ಯವಾಗಿ ಹೇಳುತ್ತೇನೆ, ಆ ಕೋಣೆಗೆ ಕಿಟಕಿ ಇರುವುದನ್ನೇ ನಾವು ಮರೆತಿದ್ದೆವು. ಜೇಡರ ಬಲೆ ತೆಗೆದು ಚಿಲಕಕ್ಕೆ ಎಣ್ಣೆ ಬಿಟ್ಟು ಯಜಮಾನರು ನೂಕಿದರು. ಬೆಳಕು ಒಳಗೆ ಬಿತ್ತು. ಆಚೆ ಹಿತ್ತಿಲ ಓಣಿಯಲ್ಲಿ, ಪಕ್ಕದ ಮನೆಯ ಲಿಮ್ ಆಂಟಿ ತಮ್ಮ ಪಪ್ಪಾಯಿ ಗಿಡಕ್ಕೆ ನೀರು ಹಾಕುತ್ತಿದ್ದವರು ಬೆಚ್ಚಿಬಿದ್ದರು.

‘ಅಯ್ಯೋ, ಯು ಗಾಟ್ ವಿಂಡೋ ಆ?’

ಮಾಸ್ಕಿನ ಮೇಲೆ ಅವರ ಕಣ್ಣುಗಳು ನಗುತ್ತಿದ್ದವು. ಹೊಸ ವರ್ಷ ಮುಗಿದೇ ಹೋಯಿತಲ್ಲ, ಈಗೇನು ಕ್ಲೀನಿಂಗು ಅಂತ ಕೇಳಿದರು. ಚೀನೀಯರೂ ತಮ್ಮ ಹೊಸ ವರ್ಷಕ್ಕೆ ಮುಂಚೆ ಹೀಗೇ ಮನೆಯೆಲ್ಲ ತೊಳೆಯುತ್ತಾರೆ. ಇದು ನಮ್ಮ ಹೊಸ ವರ್ಷ ಅಂದಾಗ, ‘ವಾ, ಗುಡ್ ಲಾ. ದಿಸ್ ಇಯರ್ ಎವೆರಿಬಡಿ ನೀಡ್ ಟೂ ನ್ಯೂ ಇಯರ್’ ಅಂದರು. ಹಬ್ಬದ ದಿನ ಮಾತ್ರ ಪೊರಕೆ ಮುಟ್ಟಬೇಡ, ಒಳಗೆ ಬಂದ ಅದೃಷ್ಟವನ್ನು ಗುಡಿಸಿಹಾಕಿದ ಹಾಗಾಗುತ್ತದೆ ಅಂತಲೂ ಹೇಳಿದರು. ಒಂದು ದಿನವಾದರೂ ಗುಡಿಸುವುದು ತಪ್ಪುತ್ತದಲ್ಲ ಅಂತ ನಾನು ತಕ್ಷಣ ಒಪ್ಪಿಕೊಂಡೆ. ನಿಮಗೂ ಇದನ್ನು ಹೃತ್ಪೂರ್ವಕವಾಗಿ ಶಿಫಾರಸು ಮಾಡುತ್ತೇನೆ.

ಆ ಯುಗಾದಿಗೆ ಬೇವಿನೆಲೆ, ಮಾವಿನೆಲೆ ದಿನಸಿ ಅಂಗಡಿಯಲ್ಲೇ ಸಿಕ್ಕವು. ಪ್ರತಿ ವರ್ಷ ನಮ್ಮ ತೋರಣ ಬಾಗಿಲಿಗೆ ಸೆಲೋಟೇಪಿನಲ್ಲಿ ಅಂಟಿರುತ್ತಿತ್ತು, ಪೂಜೆ ಮುಗಿಯುವುದರೊಳಗೆ ರಂಗೋಲಿಯ ಮೇಲೆ ಬಿದ್ದಿರುತ್ತಿತ್ತು. ಆ ಸಲ ಯಜಮಾನರು ಮನೆಯ ಮಾಲೀಕರಿಗೆ ಫೋನು ಮಾಡಿ ಕೇಳಿದರು. ಹೊಡಿ ಲಾ, ಒಂದು ಮೊಳೆಗೆ ಏನಂತೆ ಅಂದರಂತೆ ಆ ಪುಣ್ಯಾತ್ಮ. ತೋರಣಕ್ಕೆ ಎರಡು ಮೊಳೆ ಹೊಡೆದು, ಸುತ್ತಿಗೆ ಹಿಡಿದುಕೊಂಡೇ ಹಿಂದಿನ ಕೋಣೆಗೆ ಹೋಗಿ, ‘ಮೇಧಾ, ನಿಂಗ ಎಲ್ಲೆ ಬೇಕು ತೋರ್ಸವ್ವ’ ಅಂದರು. ಅವಳು ಕಿಟಕಿಯ ಪಕ್ಕ ಬೆರಳಿಟ್ಟು ತೋರಿಸಿದಳು. ಆಮೇಲೆ ಬಾಗಿಲು ಹಾಕಿಕೊಂಡಳು. ಆ ಬಾಗಿಲು ಹಾಕಿದ ಸದ್ದು ಕೇಳಿ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಅದೇ ಕೋಣೆಯಲ್ಲಿ ಓದಿ ಪರೀಕ್ಷೆ ಮುಗಿಸಿದಳು, ಅದೇ ಕೋಣೆಯಿಂದ ಕಾಲೇಜಿಗೂ ಹೋಗಿಬಂದಳು. ಈಗ ಪೆನಾಂಗಿನ ಬಯಾನ್ ಲೆಪಾಸಿನ ಒಂದು ಫ್ಯಾಕ್ಟರಿಯಲ್ಲಿ ಅವಳಿಗೆ ಮೊದಲ ಕೆಲಸ. ಸಾಮಾನು ಕಟ್ಟಬೇಕು ಅಂದಾಗ ನೋಡಿದರೆ, ಪೆಟ್ಟಿಗೆಗಳ ಸಂಸ್ಥಾನವಾಗಿದ್ದ ನಮ್ಮ ಮನೆಯಲ್ಲಿ ಔಷಧಕ್ಕೆ ಬೇಕೆಂದರೂ ಒಂದು ಪೆಟ್ಟಿಗೆ ಇಲ್ಲ! ಯಜಮಾನರ ಮುಖ ನೋಡಬೇಕಿತ್ತು. ಅಂಗಡಿಗೆ ಹೋಗಿ ಮೆಣಸಿನಕಾಯಿಯ ಪೆಟ್ಟಿಗೆಗಳನ್ನು ಹೊತ್ತು ತಂದು, ‘ನಾ ಹೇಳಿರ್ಲಿಲ್ಲೇನು, ಬೇಕಾಗ್ತೈತಿ ಅಂತ!’ ಅಂದರು. ಇಷ್ಟು ವರ್ಷ ಈ ಮಾತನ್ನು ಹಿಡಿದುಕೊಂಡಿದ್ದರು ಪಾಪ.

ತಂದದ್ದರಲ್ಲಿ ಒಂದು ಮಿಕ್ಕಿತು. ಅವಳು ಅರ್ಧ ಸಾಮಾನನ್ನು ಇಲ್ಲೇ ಬಿಟ್ಟಳು. ಮೊಳೆಗೆ ತೂಗುಹಾಕಿದ ಚಿತ್ರವನ್ನೂ ತೆಗೆಯಲಿಲ್ಲ. ನಿನ್ನೆ ಕಾರು ಹತ್ತುವಾಗ ನನ್ನ ಕೈ ಹಿಡಿದುಕೊಂಡು, ‘ಅಮ್ಮಾ, ನನ್ನ ರೂಮನ್ನ ಮತ್ತೆ ಸ್ಟೋರ್ ರೂಮ್ ಮಾಡ್ಬೇಡಿ ಲಾ. ಯುಗಾದಿಗೆ ಮನೆಗೆ ಬರ್ತೀನಿ’ ಅಂದಳು. ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಉತ್ತರಿಸುವ ಹುಡುಗಿ. ಮನೆಗೆ ಅಂದಳು, ಕೇಳಿಸಿತಲ್ಲ?

ಇಷ್ಟು ಹೇಳುವಷ್ಟರಲ್ಲಿ ಯಜಮಾನರು ಚಾಕು ಹಿಡಿದು ಬಂದರು. ಪೆಟ್ಟಿಗೆಯನ್ನು ಬೋರಲು ಹಾಕಿದರು. ನನ್ನ ಬಾಯಿಂದ ಅದು ಹೇಗೆ ಹೊರಬಿತ್ತೋ, ‘ಅಯ್ಯೋ, ಇರ್ಲಿ ಬಿಡ್ರೀ, ಬೇಕಾಗುತ್ತೆ!’

ಅವರು ನಕ್ಕರು, ನಗುವಿನ ನಡುವೆ ಸೀನಿದರು. ‘ಅಂಗಡ್ಯಾಗ ಸಿಗ್ತಾವ. ನೀನ ಹೇಳಿದ್ದಿ’ ಅಂದು ಟೇಪು ಸೀಳಿದರು.

ಮಡಿಸಿದ ರಟ್ಟನ್ನು ನಾನೇ ಗೇಟಿನ ಹತ್ತಿರ ಇಟ್ಟು ಬಂದೆ. ಆಮೇಲೆ ಮೇಧಾಳ ಕೋಣೆಗೆ ಹೋಗಿ ಕಿಟಕಿ ತೆಗೆದೆ. ಯುಗಾದಿಗೆ ಇನ್ನೊಂದು ತಿಂಗಳಿದೆ. ಈ ಸಲವೂ ಮೇಲಿನಿಂದ ಕೆಳಗೆ, ಸುಲಭದ ಮೂಲೆಯಿಂದ ಶುರುಮಾಡುತ್ತೇನೆ. ಅವಳ ಫ್ಯಾನಿನ ರೆಕ್ಕೆಗಳ ಮೇಲೆ ಆಗಲೇ ಧೂಳು ಕೂತಿದೆ. ಕೈ ತುರಿಸಿತು, ಆದರೆ ಮುಟ್ಟಲಿಲ್ಲ. ಹಳೆಯ ದಿಂಬಿನ ಚೀಲವನ್ನು ಮಡಿಸಿ ಅವಳ ಮಂಚದ ಮೇಲಿಟ್ಟು ಬಂದಿದ್ದೇನೆ. ಬಂದು ಅವಳೇ ಒರೆಸಲಿ.